ಕೈ ಪಳಗುವುದೆಂದರೆ ಏನು? ಓದುಗರ ಪ್ರಶ್ನೆ, ನರವಿಜ್ಞಾನಿಯ ಉತ್ತರ

ಕಳೆದ ಸಂಚಿಕೆಯಲ್ಲಿ ಕೈಬರಹದ ಬಗ್ಗೆ ಬಂದ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ದೇಹ ಹೊಸ ಚಲನೆಗಳನ್ನು ಹೇಗೆ ಕಲಿಯುತ್ತದೆ, ಕಲಿತದ್ದನ್ನು ಮೆದುಳು ಹೇಗೆ ನಿಯಂತ್ರಿಸುತ್ತದೆ ಎಂಬುದೇ ನನ್ನ ಸಂಶೋಧನೆಯ ವಿಷಯ ಎಂದು ಒಂದು ಮಾತು ಬರೆದಿದ್ದೆ. ಅದರ ಬೆನ್ನಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಪತ್ರಗಳನ್ನು ಮೊಟಕುಗೊಳಿಸಿದ್ದೇನೆ, ಹೆಸರು ಬೇಡವೆಂದವರೇ ಹೆಚ್ಚಾಗಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ಮಗಳು ಪಿಎಚ್.ಡಿ. ಮುಗಿಸಿದ್ದಾಳೆ. ಮದುವೆಯ ಮಾತು ತೆಗೆದರೆ ‘ಪೋಸ್ಟ್‌ಡಾಕ್ ಮುಗಿಯಲಿ’ ಎನ್ನುತ್ತಾಳೆ. ಅಲ್ಲಿ ಜನರನ್ನು ಯಂತ್ರವೊಂದರ ಮುಂದೆ ಕೂರಿಸಿ, ಹಿಡಿಕೆ ಹಿಡಿದು ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಕೈ ಸರಿಸಲು ಹೇಳುತ್ತಾರಂತೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೇ ಇದು ತಿಳಿಯುತ್ತಿಲ್ಲ. ಪಿಎಚ್.ಡಿ.ಯ ಮೇಲಿನ ಈ ಪದವಿ ಯಾವುದು? ಚುಕ್ಕೆ ಮುಟ್ಟಿಸುವುದರಲ್ಲಿ ಏನಿದೆ?
— ನಿವೃತ್ತ ಶಿಕ್ಷಕರು, ವಿಜಯಪುರ

ಉತ್ತರ: ಗುರುಗಳೇ, ಮೊದಲು ಪದವಿಯ ಮಾತನ್ನು ಮುಗಿಸಿಬಿಡೋಣ. ಪೋಸ್ಟ್‌ಡಾಕ್ ಎಂಬುದು ಪದವಿಯಲ್ಲ. ಅದಕ್ಕೆ ಪರೀಕ್ಷೆಯಿಲ್ಲ, ಘಟಿಕೋತ್ಸವವಿಲ್ಲ, ಹೆಸರಿನ ಜೊತೆ ಸೇರುವ ಅಕ್ಷರಗಳೂ ಇಲ್ಲ. ಅದು ಅವಧಿ ಗೊತ್ತುಪಡಿಸಿದ, ಸಂಬಳ ಬರುವ ಕೆಲಸ. ಪಿಎಚ್.ಡಿ.ಯಲ್ಲಿ ಮಾರ್ಗದರ್ಶಕರ ನೆರಳಿನಲ್ಲಿ ಒಂದು ಪ್ರಶ್ನೆಯನ್ನು ಬಿಡಿಸಿದವರು, ಪೋಸ್ಟ್‌ಡಾಕ್ ಅವಧಿಯಲ್ಲಿ ಬೇರೊಂದು ಪ್ರಯೋಗಾಲಯಕ್ಕೆ ಹೋಗಿ, ಬೇರೆ ವಿಧಾನ ಕಲಿತು, ತಮ್ಮದೇ ಪ್ರಶ್ನೆಯನ್ನು ಕಟ್ಟಿಕೊಳ್ಳುತ್ತಾರೆ. ಪ್ರಯೋಗ ರೂಪಿಸುವುದು, ನೈತಿಕ ಸಮಿತಿಯ ಒಪ್ಪಿಗೆ ಪಡೆಯುವುದು, ಯಂತ್ರವನ್ನು ಅಳತೆಗೆ ಕೂರಿಸುವುದು, ಕೋಡ್ ಬರೆಯುವುದು, ಸ್ವಯಂಸೇವಕರನ್ನು ಹುಡುಕುವುದು, ಬಂದ ಮಾಹಿತಿ ಕೆಟ್ಟಿದ್ದರೆ ಅದನ್ನು ಬದಿಗಿಟ್ಟು ಮತ್ತೆ ಶುರುಮಾಡುವುದು ಎಲ್ಲವೂ ಅವರ ಪಾಲಿಗೇ ಬರುತ್ತದೆ. ನೇಮಕಾತಿ ಸಾಮಾನ್ಯವಾಗಿ ಒಂದೆರಡು ವರ್ಷಕ್ಕೆ ಇರುತ್ತದೆ, ಹಣವಿದ್ದರೆ ಮುಂದುವರಿಯುತ್ತದೆ. ನನ್ನ ಮೊದಲ ಪೋಸ್ಟ್‌ಡಾಕ್‌ನಲ್ಲಿ ಮುಂದುವರಿಕೆಯ ಪತ್ರ ಕೈಗೆ ಬಂದದ್ದು ಅವಧಿ ಮುಗಿಯಲು ಒಂಬತ್ತು ದಿನ ಉಳಿದಿದ್ದಾಗ. ಆ ತಿಂಗಳು ಮನೆ ಬಾಡಿಗೆಯ ಕರಾರಿಗೆ ಸಹಿ ಹಾಕಲೋ ಬೇಡವೋ ಎಂದು ತಿಳಿಯದೆ ಕುಳಿತಿದ್ದೆ. ಮಗಳು ಮದುವೆಯ ಮಾತನ್ನು ಮುಂದೂಡುತ್ತಿದ್ದರೆ ಈ ಅನಿಶ್ಚಿತತೆಯೂ ಅದಕ್ಕೊಂದು ಕಾರಣವಿರಬಹುದು, ದಯವಿಟ್ಟು ಗಮನಿಸಿ.

ಇನ್ನು ಚುಕ್ಕೆಯ ವಿಷಯ. ತುಂಬಿದೆಯೆಂದು ತಿಳಿದು ಖಾಲಿ ಕೊಡವನ್ನು ಎತ್ತಿದಾಗ ಅದು ಒಮ್ಮೆಲೇ ಮೇಲಕ್ಕೆ ಜಿಗಿಯುವುದನ್ನು ನೀವು ಕಂಡಿದ್ದೀರಿ. ಕೊಡವನ್ನು ಮುಟ್ಟುವ ಮೊದಲೇ ಮೆದುಳು ಅದರ ತೂಕವನ್ನು ಊಹಿಸಿ, ಅಷ್ಟು ಬಲಕ್ಕೆ ಸ್ನಾಯುಗಳಿಗೆ ಆಜ್ಞೆ ಕೊಟ್ಟಾಗಿರುತ್ತದೆ. ಹೀಗೆ ಊಹಿಸದೆ ಅದಕ್ಕೆ ಗತ್ಯಂತರವಿಲ್ಲ: ಕಣ್ಣು ಕಂಡದ್ದು ಮೆದುಳಿಗೆ ತಲುಪಿ, ಅಲ್ಲಿಂದ ತಿದ್ದುಪಡಿಯ ಆಜ್ಞೆ ಕೈಗೆ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗವಾದರೂ ಕಳೆದಿರುತ್ತದೆ, ಅಷ್ಟರಲ್ಲಿ ಕೈ ಎಲ್ಲಿಗೋ ಹೋಗಿರುತ್ತದೆ. ಆದ್ದರಿಂದ ಕೈಯೂ ಅದು ಹಿಡಿದ ವಸ್ತುವೂ ಹೇಗೆ ವರ್ತಿಸುತ್ತವೆ ಎಂಬ ಲೆಕ್ಕವೊಂದನ್ನು ಮೆದುಳು ಒಳಗೇ ಇಟ್ಟುಕೊಂಡಿರಬೇಕು. ಈ ಲೆಕ್ಕವನ್ನು ಹೊರಗೆ ಕಾಣುವಂತೆ ಮಾಡುವ ಉಪಾಯವೇ ನಿಮ್ಮ ಮಗಳು ಹೇಳಿದ ಹಿಡಿಕೆ.

1994ರಲ್ಲಿ ರೆಜಾ ಶಾದ್‌ಮೆಹರ್ ಮತ್ತು ಫೆರ್ಡಿನಾಂಡೊ ಮುಸ್ಸಾ-ಇವಾಲ್ಡಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದ ಮೂಲಪಾಠದಂತಿದೆ. ಕುಳಿತವರು ರೋಬಾಟ್ ತೋಳಿನ ಹಿಡಿಕೆ ಹಿಡಿದು ಪರದೆಯ ಮೇಲಿನ ಗುರಿಯತ್ತ ಸುಮಾರು ಹತ್ತು ಸೆಂಟಿಮೀಟರ್ ಕೈ ಸರಿಸುತ್ತಾರೆ; ಕೈಯ ಹಾದಿ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಆಮೇಲೆ ಯಂತ್ರವು ಕೈಯ ವೇಗಕ್ಕೆ ತಕ್ಕಂತೆ ಹೆಚ್ಚುವ ಬಲವನ್ನು ಹಾಕಿ ಕೈಯನ್ನು ದಾರಿ ತಪ್ಪಿಸತೊಡಗುತ್ತದೆ. ಮೊದಮೊದಲು ಹಾದಿ ಕೊಕ್ಕೆಯ ಹಾಗೆ ಡೊಂಕಾಗುತ್ತದೆ, ನೂರಾರು ಸಲ ಮಾಡಿದ ಮೇಲೆ ಮತ್ತೆ ನೆಟ್ಟಗಾಗುತ್ತದೆ. ಇಲ್ಲಿಗೇ ನಿಂತಿದ್ದರೆ ‘ಕೈಯನ್ನು ಬಿಗಿಹಿಡಿದು ತಡೆದರು, ಅಷ್ಟೆ’ ಎನ್ನಬಹುದಿತ್ತು. ಆದರೆ ಸೂಚನೆ ಕೊಡದೆ ಆ ಬಲವನ್ನು ತೆಗೆದುಬಿಟ್ಟಾಗ ಕೈ ನೆಟ್ಟಗೆ ಹೋಗುವುದಿಲ್ಲ. ಮೊದಲು ಡೊಂಕಾಗಿದ್ದ ದಿಕ್ಕಿಗೆ ವಿರುದ್ಧವಾಗಿ, ಕನ್ನಡಿಯಲ್ಲಿ ಕಂಡ ಪ್ರತಿಬಿಂಬದಂತೆ ಬಾಗುತ್ತದೆ. ಈಗ ಇಲ್ಲದ ಬಲವನ್ನು ಮೆದುಳು ಇನ್ನೂ ಲೆಕ್ಕಕ್ಕೆ ಹಿಡಿದು ಎದುರಿಸುತ್ತಿದೆ. ಖಾಲಿ ಕೊಡ ಜಿಗಿದಂತೆಯೇ ಇದು. ವ್ಯತ್ಯಾಸವೆಂದರೆ ಇಲ್ಲಿ ಜಿಗಿತವನ್ನು ಮಿಲಿಮೀಟರಿನಲ್ಲಿ ಅಳೆಯಬಹುದು, ಎಷ್ಟು ಸಲಕ್ಕೆ ಎಷ್ಟು ಕಲಿತರು, ಎಷ್ಟು ಹೊತ್ತಿಗೆ ಎಷ್ಟು ಮರೆತರು ಎಂದು ಗೆರೆ ಎಳೆದು ತೋರಿಸಬಹುದು. ಆ ಗೆರೆ ಅನುಮಸ್ತಿಷ್ಕ (ಮೆದುಳಿನ ಹಿಂಬದಿಯ ಕೆಳಭಾಗ, ಸೆರೆಬೆಲ್ಲಮ್) ಕೆಟ್ಟವರಲ್ಲಿ, ಪಾರ್ಕಿನ್ಸನ್ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ಹೇಗೆ ಬದಲಾಗುತ್ತದೆ ಎಂಬುದರಿಂದ ಮೆದುಳಿನ ಯಾವ ಭಾಗ ಯಾವ ಕೆಲಸ ಮಾಡುತ್ತದೆ ಎಂದು ಬೇರ್ಪಡಿಸಲು ಸಾಧ್ಯವಾಗಿದೆ. ನಿಮ್ಮ ಮಗಳು ಊರಿಗೆ ಬಂದಾಗ ‘ನಿನ್ನ ಪ್ರಯೋಗದಲ್ಲಿ ಬಲ ತೆಗೆದ ಮೇಲೆ ಕೈ ಎತ್ತ ಬಾಗಿತು?’ ಎಂದು ಕೇಳಿ ನೋಡಿ. ಊಟ ಆರಿದರೂ ಅವಳ ಮಾತು ಮುಗಿಯಲಿಕ್ಕಿಲ್ಲ.

ಪ್ರಶ್ನೆ: ನಾನು ಮೈಸೂರು ಕಡೆಯವಳು, ಮದುವೆಯಾಗಿ ಜಮಖಂಡಿಗೆ ಬಂದು ಎಂಟು ತಿಂಗಳಾಯಿತು. ಜೋಳದ ರೊಟ್ಟಿ ಬಡಿಯಲು ಹೋದರೆ ಅಂಚು ಸೀಳುತ್ತದೆ, ಎತ್ತುವಾಗ ಹರಿಯುತ್ತದೆ. ಅತ್ತೆಯವರು ‘ಇನ್ನೂ ಕೈ ಕುಂತಿಲ್ಲ, ಕುಂದರತೈತಿ’ ಎನ್ನುತ್ತಾರೆ. ನಾಲ್ಕನೆಯದೋ ಐದನೆಯದೋ ಚೆನ್ನಾಗಿ ಬರುತ್ತದೆ, ಮರುದಿನದ ಮೊದಲನೆಯದು ಮತ್ತೆ ಹಾಳು. ಕೈ ‘ಕೂರುವುದು’ ಎಂದರೆ ಏನು?
— ಗೃಹಿಣಿ, ಜಮಖಂಡಿ

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ತಪ್ಪಿಲ್ಲ, ಆದರೆ ಕೂರುವುದು ಕೈಯಲ್ಲಲ್ಲ. ಗೋಧಿಯನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿಲ್ಲ. ಕುದಿವ ನೀರು ಹೊಯ್ದು ಹಿಟ್ಟಿನ ಪಿಷ್ಟವನ್ನು ಮೆತ್ತಗೆ ಮಾಡಿಕೊಂಡು, ಆ ಅಂಟಿನ ಬಲದ ಮೇಲೇ ಇಡೀ ರೊಟ್ಟಿ ನಿಲ್ಲಬೇಕು. ನೀರು ಒಂದಿಷ್ಟು ಹೆಚ್ಚಾದರೂ, ನಾದುವುದು ಒಂದಿಷ್ಟು ಕಡಿಮೆಯಾದರೂ ಹಿಟ್ಟು ಬೇರೆಯೇ ವಸ್ತುವಿನಂತೆ ವರ್ತಿಸುತ್ತದೆ. ಬಡಿಯುವ ಕೈಯೋ ಬಲು ಚುರುಕು. ಒಂದೊಂದು ಪೆಟ್ಟನ್ನೂ ಕಣ್ಣಿನಿಂದ ತಿದ್ದುವಷ್ಟು ಹೊತ್ತು ಅಲ್ಲಿಲ್ಲ. ಅಂದರೆ ಮೇಲಿನ ಪತ್ರದ ಯಂತ್ರದ ಹಿಡಿಕೆಗಿಂತ ಕಷ್ಟದ ಲೆಕ್ಕವನ್ನು ನಿಮ್ಮ ಮೆದುಳು ದಿನಾ ಬೆಳಿಗ್ಗೆ ಮಾಡುತ್ತಿದೆ.

ನಾಲ್ಕನೆಯದು ಚೆನ್ನಾಗಿ ಬಂದು ಮರುದಿನದ ಮೊದಲನೆಯದು ಕೆಡುವುದನ್ನು ನೀವು ಗಮನಿಸಿದ್ದೀರಲ್ಲ, ಅದು ತುಂಬ ಬೆಲೆಯ ಗಮನಿಕೆ. 2006ರಲ್ಲಿ ಶಾದ್‌ಮೆಹರ್ ಅವರ ತಂಡ ಪ್ರಕಟಿಸಿದ ಒಂದು ಮಾದರಿಯ ಪ್ರಕಾರ ಚಲನೆಯ ಕಲಿಕೆಯಲ್ಲಿ ಕನಿಷ್ಠ ಎರಡು ಪ್ರಕ್ರಿಯೆಗಳು ಒಟ್ಟಿಗೆ ನಡೆಯುತ್ತವೆ: ಒಂದು ಬೇಗ ಕಲಿತು ಬೇಗ ಮರೆಯುತ್ತದೆ, ಇನ್ನೊಂದು ನಿಧಾನವಾಗಿ ಕಲಿತು ಬಹುಕಾಲ ಉಳಿಸಿಕೊಳ್ಳುತ್ತದೆ. ನಾಲ್ಕನೆಯ ರೊಟ್ಟಿಯಲ್ಲಿ ಬಹುಮಟ್ಟಿಗೆ ಕಾಣುವುದು ಮೊದಲನೆಯದರ ಕೆಲಸ, ಅತ್ತೆಯವರ ಕೈಯಲ್ಲಿ ಕಾಣುವುದು ಎರಡನೆಯದರದು ಎಂದು ನಾನು ಓದಿಕೊಳ್ಳುತ್ತೇನೆ. ಮರುದಿನದ ಮೊದಲ ರೊಟ್ಟಿ ಹರಿದರೂ, ಮೂರು ತಿಂಗಳ ಹಿಂದೆ ಆರನೆಯದಕ್ಕೆ ಸುಧಾರಿಸುತ್ತಿದ್ದುದು ಈಗ ಮೂರನೆಯದಕ್ಕೇ ಸುಧಾರಿಸುತ್ತಿದ್ದರೆ ಒಳಗೆ ಉಳಿತಾಯ ಆಗುತ್ತಿದೆ ಎಂದೇ ಅರ್ಥ. ಎರಡನೆಯ ಸಲ ಕಲಿಯಲು ಹಿಡಿಯುವ ಸಮಯ ಕಡಿಮೆಯಾಗುವುದಕ್ಕೆ ನಮ್ಮವರು ಇಟ್ಟ ಹೆಸರೂ ‘ಉಳಿತಾಯ’ ಎಂಬುದೇ.

ಎರಡು ಸಲಹೆ ಕೊಡಬಲ್ಲೆ. ರಜೆಯ ದಿನ ಒಮ್ಮೆಲೇ ಇಪ್ಪತ್ತು ಬಡಿಯುವುದಕ್ಕಿಂತ ದಿನಕ್ಕೆ ನಾಲ್ಕು ಬಡಿಯಿರಿ. ಬಿಡಿಸಿಟ್ಟ ಅಭ್ಯಾಸ ಒಟ್ಟಿಗೆ ಮಾಡಿದ್ದಕ್ಕಿಂತ ಹೆಚ್ಚು ಉಳಿಯುತ್ತದೆ. ಹಾಗೆಯೇ, ಅತ್ತೆಯವರು ಪಕ್ಕದಲ್ಲಿ ನಿಂತು ಪ್ರತಿ ಪೆಟ್ಟಿಗೂ ‘ಹಾಂಗಲ್ಲ, ಹೀಂಗ’ ಎಂದು ತಿದ್ದುತ್ತಿದ್ದರೆ ಆ ಹೊತ್ತಿಗೆ ರೊಟ್ಟಿ ದುಂಡಗಾಗುತ್ತದೆ, ಅವರು ಆಚೆ ಹೋದೊಡನೆ ಕೆಡುತ್ತದೆ. ಪ್ರತಿ ಸಲವೂ ಹೊರಗಿನಿಂದ ತಿದ್ದುಪಡಿ ಸಿಕ್ಕಿದರೆ ಕಲಿಯುವವರು ಆ ತಿದ್ದುಪಡಿಗೇ ಒರಗಿಬಿಡುತ್ತಾರೆ ಎಂಬುದು 1980ರ ದಶಕದಿಂದ ಚರ್ಚೆಯಲ್ಲಿರುವ ವಿಚಾರ. ಹರಿದದ್ದನ್ನು ನೀವೇ ಹಂಚಿನ ಮೇಲೆ ಹಾಕಿ, ಎಲ್ಲಿ ತೆಳುವಾಗಿ ಹರಿಯಿತು ಎಂದು ನೀವೇ ನೋಡಿ. ಇದನ್ನು ಅತ್ತೆಯವರಿಗೆ ಓದಿ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಪ್ರಶ್ನೆ: ನಮ್ಮದು ಮೂರು ತಲೆಮಾರಿನ ಗುಂಡಿಮಗ್ಗ. ಲಾಳಿ ಓಡಿಸುವಾಗ ನನಗೆ ಕೈಯ ಕಡೆ ನೋಡಬೇಕಾಗಿಲ್ಲ. ಮಗನಿಗೆ ಹೇಳಿಕೊಡಲು ಕೂತು ‘ಹೇಗೆ ಮಾಡ್ತೀನಿ’ ಎಂದು ಯೋಚಿಸಿದರೆ ನನ್ನ ಕೈಯೇ ತಡವರಿಸುತ್ತದೆ. ಯಾಕೆ?
— ನೇಕಾರರು, ಇಳಕಲ್ಲ

ಉತ್ತರ: ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದನ್ನು ನಾನೊಮ್ಮೆ ನಿಮ್ಮ ಊರಿನಲ್ಲಿ ಕುಳಿತು ನೋಡಿದ್ದೇನೆ. ಬೆರಳು ಎಳೆಯನ್ನು ಹುಡುಕುತ್ತಿರಲಿಲ್ಲ, ಎಳೆ ಎಲ್ಲಿದೆಯೆಂದು ಬೆರಳಿಗೆ ಮೊದಲೇ ಗೊತ್ತಿದ್ದಂತಿತ್ತು. ಆ ಹೆಣ್ಣುಮಗಳು ಆ ಹೊತ್ತಿನಲ್ಲೇ ನನ್ನ ಜೊತೆ ಮಳೆಯ ಬಗ್ಗೆ ಮಾತಾಡುತ್ತಿದ್ದರು.

ಹೇಳಬಲ್ಲ ತಿಳಿವಳಿಕೆಯೂ ಕೈಯಿಂದ ಮಾಡಬಲ್ಲ ತಿಳಿವಳಿಕೆಯೂ ಮೆದುಳಿನಲ್ಲಿ ಬೇರೆ ಬೇರೆ ಏರ್ಪಾಟುಗಳು. ಇದು ಸ್ಪಷ್ಟವಾದದ್ದು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿಯಿಂದ. ತೀವ್ರ ಅಪಸ್ಮಾರಕ್ಕೆಂದು 1953ರಲ್ಲಿ ಅವರ ಮೆದುಳಿನ ಎರಡೂ ಬದಿಯ ಒಳಭಾಗವನ್ನು ತೆಗೆದಮೇಲೆ ಹೊಸ ಸಂಗತಿಗಳನ್ನು ನೆನಪಿಡುವ ಶಕ್ತಿ ಅವರಿಗೆ ಹೊರಟುಹೋಯಿತು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವರು ಮೊಲೈಸನ್‌ಗೆ ಕನ್ನಡಿಯಲ್ಲಿ ಮಾತ್ರ ಕೈಯನ್ನು ನೋಡುತ್ತ ನಕ್ಷತ್ರದ ಗೆರೆಯೊಳಗೆ ಪೆನ್ಸಿಲ್ ಓಡಿಸಲು ಹೇಳಿದರು. ಮೂರು ದಿನಗಳಲ್ಲಿ ಅವರ ತಪ್ಪುಗಳು ಕಡಿಮೆಯಾಗುತ್ತ ಹೋದವು. ಆದರೆ ಹಿಂದಿನ ದಿನ ಈ ಕೆಲಸ ಮಾಡಿದ್ದೆನೆಂಬ ನೆನಪು ಮಾತ್ರ ಅವರಿಗೆ ಇರಲಿಲ್ಲ. ಹೀಗೆ ಕೈ ಕಲಿತದ್ದು ಬಾಯಿಗೆ ಗೊತ್ತಿಲ್ಲದೆ ಇರಬಲ್ಲದು.

ಈ ಎರಡು ಏರ್ಪಾಟುಗಳು ಒಂದಕ್ಕೊಂದು ಅಡ್ಡಬರುವುದೂ ಉಂಟು. 2006ರಲ್ಲಿ ಪಿಯೆತ್ರೊ ಮಾಝೋನಿ ಮತ್ತು ಜಾನ್ ಕ್ರಕವರ್ ನಡೆಸಿದ ಪ್ರಯೋಗದಲ್ಲಿ, ಪರದೆಯ ಮೇಲಿನ ಗುರುತು ಕೈ ಹೋದ ದಿಕ್ಕಿನಿಂದ 45 ಡಿಗ್ರಿ ತಿರುಗಿ ಕಾಣುವಂತೆ ಮಾಡಿ, ಅದನ್ನು ಸರಿದೂಗಿಸಲು ಪಕ್ಕದ ಗುರಿಯತ್ತ ಕೈ ಇಡುವ ಉಪಾಯವನ್ನೂ ಹೇಳಿಕೊಟ್ಟರು. ಉಪಾಯ ಕೂಡಲೇ ಫಲಿಸಿತು, ತಪ್ಪು ಇಲ್ಲವಾಯಿತು. ಆಮೇಲೆ ನಡೆದದ್ದೇ ಸ್ವಾರಸ್ಯ: ಅಭ್ಯಾಸ ಮುಂದುವರಿದಂತೆಲ್ಲ ಕೈ ಗುರಿಯಿಂದ ಮೆಲ್ಲಮೆಲ್ಲಗೆ ದೂರ ಸರಿಯತೊಡಗಿತು, ಏಕೆಂದರೆ ಉಪಾಯದ ಅರಿವಿಲ್ಲದ ಒಳಗಿನ ಏರ್ಪಾಟು ತನ್ನ ಪಾಡಿಗೆ ತಾನು ತಿದ್ದಿಕೊಳ್ಳುತ್ತಲೇ ಇತ್ತು.

ಆದ್ದರಿಂದ ನಿಮ್ಮ ಕೈ ತಡವರಿಸುವುದು ವಯಸ್ಸಿನ ದೋಷವಲ್ಲ. ಬಾಯಿಯ ಲೆಕ್ಕವನ್ನು ಕೈಯ ದಾರಿಗೆ ತಂದು ನಿಲ್ಲಿಸಿದ್ದರ ಫಲ. ಮಗನಿಗೆ ಮಣಿಕಟ್ಟು ಹೀಗಿರಲಿ, ಮೊಣಕೈ ಹಾಗಿರಲಿ ಎಂದು ಹೇಳುವ ಬದಲು ಲಾಳಿ ಎಲ್ಲಿ ಬಂದು ನಿಲ್ಲಬೇಕು, ಅಂಚು ಹೇಗೆ ಬಿಗಿಯಾಗಿರಬೇಕು ಎಂದು ತೋರಿಸಿ. ಗಮನವನ್ನು ದೇಹದ ಮೇಲಿಡುವುದಕ್ಕಿಂತ ಕೆಲಸದ ಪರಿಣಾಮದ ಮೇಲಿಟ್ಟರೆ ಚಲನೆ ಚೆನ್ನಾಗಿ ಬರುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ನಿಮ್ಮ ಕೈ ಹೋದ ಹಾದಿಯಲ್ಲೇ ಅವನ ಕೈಯೂ ಹೋಗಬೇಕೆಂದೇನೂ ಇಲ್ಲ. ರಷ್ಯಾದ ನಿಕೊಲಾಯ್ ಬರ್ನ್‌ಸ್ಟೈನ್ 1920ರ ದಶಕದಲ್ಲಿ ಮಾಸ್ಕೋದಲ್ಲಿ, ಸುತ್ತಿಗೆಯಿಂದ ಉಳಿಗೆ ಹೊಡೆಯುವ ಪಳಗಿದ ಕೆಲಸಗಾರರ ತೋಳಿಗೆ ಪುಟ್ಟ ದೀಪಗಳನ್ನು ಕಟ್ಟಿ ಚಿತ್ರ ತೆಗೆದಾಗ, ಭುಜ, ಮೊಣಕೈಗಳ ಚಲನೆ ಪ್ರತಿ ಪೆಟ್ಟಿಗೂ ಬೇರೆ ಬೇರೆಯಾಗಿದ್ದರೂ ಸುತ್ತಿಗೆಯ ತುದಿ ಮಾತ್ರ ಅಷ್ಟು ವ್ಯತ್ಯಾಸವಿಲ್ಲದೆ ಗುರಿ ಸೇರುತ್ತಿತ್ತು. ಪಳಗಿದ ಕೈ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದಿಲ್ಲ, ಒಂದೇ ಸಮಸ್ಯೆಯನ್ನು ಪ್ರತಿ ಸಲವೂ ಹೊಸದಾಗಿ ಬಿಡಿಸುತ್ತದೆ.

ಪ್ರಶ್ನೆ: ಅನುಮಸ್ತಿಷ್ಕ ದೇಹದ ಸಮತೋಲನ ಕಾಪಾಡುತ್ತದೆ ಎಂದು ಪುಸ್ತಕದಲ್ಲಿದೆ. ಅಷ್ಟೇನಾ?
— ಹತ್ತನೆಯ ತರಗತಿ ವಿದ್ಯಾರ್ಥಿ, ಗೋಕಾಕ

ಉತ್ತರ: ಪರೀಕ್ಷೆಯಲ್ಲಿ ಅಷ್ಟೇ ಬರೆ, ತಮ್ಮಾ, ಅಂಕ ಸಿಗುತ್ತದೆ. ಆದರೆ ಮನುಷ್ಯನ ಮೆದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಸುಮಾರು 6,900 ಕೋಟಿ ಇರುವುದು ಅನುಮಸ್ತಿಷ್ಕದಲ್ಲೇ; ತೂಕದಲ್ಲಿ ಮಾತ್ರ ಅದು ಮೆದುಳಿನ ಹತ್ತನೆಯ ಒಂದು ಭಾಗದಷ್ಟು. ಅಲ್ಲಿರುವ ಪರ್ಕಿಂಜೆ ಎಂಬ ದೊಡ್ಡ ಕೋಶಗಳಿಗೆ ಎರಡು ಬಗೆಯ ಸುದ್ದಿ ಬರುತ್ತದೆ. ಒಂದು, ಲಕ್ಷಕ್ಕೂ ಹೆಚ್ಚು ಸಣ್ಣ ತಂತುಗಳಿಂದ ‘ಈಗ ಏನು ನಡೆಯುತ್ತಿದೆ’ ಎಂಬ ಸುದ್ದಿ. ಇನ್ನೊಂದು, ಒಂದೇ ಒಂದು ಬಲಶಾಲಿ ತಂತುವಿನಿಂದ ಬರುವ ಸುದ್ದಿ. ಈ ಎರಡನೆಯದು ‘ತಪ್ಪಾಯಿತು’ ಎಂಬ ಕೂಗಾಗಿ ಕೆಲಸ ಮಾಡಿ ಮೊದಲನೆಯ ಸುದ್ದಿಯ ಬೆಲೆಯನ್ನು ತಿದ್ದುತ್ತದೆ ಎಂಬ ಸಿದ್ಧಾಂತ ಡೇವಿಡ್ ಮಾರ್ (1969), ಜೇಮ್ಸ್ ಆಲ್ಬಸ್ (1971) ಮತ್ತು ಜಪಾನಿನ ಮಸಾವೊ ಇಟೊ ಅವರಿಂದ ಬೆಳೆದು ಬಂತು. ವಿವರಗಳ ಬಗ್ಗೆ ಇಂದಿಗೂ ಜಗಳವಿದೆ. ನೀನು ದೊಡ್ಡವನಾಗಿ ಆ ಜಗಳಕ್ಕೆ ಸೇರಿಕೊಳ್ಳಬಹುದು.

ಪ್ರಶ್ನೆ: ತಂದೆಯವರಿಗೆ ಲಕ್ವಾ ಹೊಡೆದು ಐದು ತಿಂಗಳಾಯಿತು. ಬಲಗೈ ಸ್ವಲ್ಪ ಮಿಸುಕಾಡುತ್ತದೆ. ಅವರು ಎಲ್ಲವನ್ನೂ ಎಡಗೈಯಲ್ಲೇ ಮಾಡುತ್ತಾರೆ. ಒತ್ತಾಯಿಸಬೇಕೋ ಬೇಡವೋ?
— ಮಗಳು, ಬಾಗಲಕೋಟೆ

ಉತ್ತರ: ನಾನು ವೈದ್ಯನಲ್ಲ, ನಿಮ್ಮ ತಂದೆಯವರ ಕೈಯನ್ನು ನೋಡಿದ ನರರೋಗ ತಜ್ಞರೂ ಫಿಸಿಯೋಥೆರಪಿಸ್ಟರೂ ಹೇಳಿದ್ದೇ ಕೊನೆಯ ಮಾತು. ಆದರೆ ನಿಮ್ಮ ಪ್ರಶ್ನೆಯ ಹಿಂದೆ ಒಂದು ನಿಜವಾದ ವಿಜ್ಞಾನವಿದೆ. ದುರ್ಬಲ ಕೈ ಪ್ರತಿ ಸಲ ಸೋತಾಗ ಮನುಷ್ಯ ಅದನ್ನು ಬಳಸದೆ ಇರಲು ಕಲಿತುಬಿಡುತ್ತಾನೆ. ಕೈಗೆ ಆಗುವಷ್ಟನ್ನೂ ಅದು ಮಾಡದಂತಾಗುತ್ತದೆ. ಎಡ್ವರ್ಡ್ ಟೌಬ್ ಈ ‘ಕಲಿತ ನಿರುಪಯೋಗ’ವನ್ನು ಮುರಿಯಲು ಚೆನ್ನಾಗಿರುವ ಕೈಗೆ ಕೈಗವಸು ತೊಡಿಸಿ, ದುರ್ಬಲ ಕೈಗೆ ದಿನವೂ ಗಂಟೆಗಟ್ಟಲೆ ಕೆಲಸ ಕೊಡುವ ಚಿಕಿತ್ಸೆಯನ್ನು ಬೆಳೆಸಿದರು. ಅಮೆರಿಕದಲ್ಲಿ 222 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳಾದವರಿಗೆ ಎರಡು ವಾರ ಈ ಚಿಕಿತ್ಸೆ ಕೊಟ್ಟಾಗ, ಸಾಮಾನ್ಯ ಆರೈಕೆ ಪಡೆದವರಿಗಿಂತ ಕೈಯ ಬಳಕೆ ಹೆಚ್ಚು ಸುಧಾರಿಸಿತು. ಒಂದು ಷರತ್ತನ್ನು ಮರೆಯಬಾರದು: ಅವರೆಲ್ಲರೂ ಮಣಿಕಟ್ಟನ್ನೂ ಬೆರಳುಗಳನ್ನೂ ಸ್ವಲ್ಪವಾದರೂ ತಾವೇ ಮೇಲೆತ್ತಬಲ್ಲವರಾಗಿದ್ದರು. ಅಷ್ಟೂ ಆಗದವರಿಗೆ ಎಡಗೈ ಕಟ್ಟಿಹಾಕುವುದು ಹಿಂಸೆಯಷ್ಟೇ. ಬೀಳುವ ಅಪಾಯವೂ ಇದೆ. ಆದ್ದರಿಂದ ಮನೆಯಲ್ಲಿ ನೀವಾಗಿಯೇ ಕಟ್ಟಬೇಡಿ, ಈ ಪದ್ಧತಿ ಇವರಿಗೆ ಒಗ್ಗುತ್ತದೆಯೇ ಎಂದು ಚಿಕಿತ್ಸಕರನ್ನು ಕೇಳಿ.

ನಡಿಗೆಯ ಬಗ್ಗೆಯೂ ಒಂದು ಮಾತು ಹೇಳಬೇಕೆನಿಸುತ್ತದೆ. ಎರಡು ಪಟ್ಟಿಗಳಿರುವ ಟ್ರೆಡ್‌ಮಿಲ್‌ನಲ್ಲಿ ಒಂದೊಂದು ಕಾಲಿಗೆ ಒಂದೊಂದು ವೇಗ ಕೊಟ್ಟು, ಕುಂಟುವ ಹೆಜ್ಜೆಯ ಅಸಮತೆಯನ್ನು ಬೇಕೆಂದೇ ಹೆಚ್ಚಿಸಿ, ಆಮೇಲೆ ಎರಡೂ ವೇಗವನ್ನು ಸಮ ಮಾಡಿದಾಗ ಪಾರ್ಶ್ವವಾಯುವಾದವರ ಹೆಜ್ಜೆ ಸ್ವಲ್ಪ ಹೊತ್ತು ಸಮವಾಗುತ್ತದೆ ಎಂದು 2007ರ ಒಂದು ಅಧ್ಯಯನ ತೋರಿಸಿತು. ತಪ್ಪನ್ನು ತಡೆಯುವ ಬದಲು ದೊಡ್ಡದು ಮಾಡಿ ಮೆದುಳಿಗೆ ತೋರಿಸಿದ ಜಾಣತನವಿದು. ಆದರೆ ಆ ‘ಸ್ವಲ್ಪ ಹೊತ್ತು’ ಮನೆಯ ಹೊಸ್ತಿಲವರೆಗೂ ಉಳಿಯುವಂತೆ ಮಾಡುವುದು ಹೇಗೆ ಎಂಬುದೇ ಕಷ್ಟ, ಬಹಳಷ್ಟು ಪೋಸ್ಟ್‌ಡಾಕ್‌ಗಳು ತಲೆ ಕೆಡಿಸಿಕೊಂಡಿರುವುದೂ ಅಲ್ಲೇ.

ಪ್ರಶ್ನೆ: ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷ. ಜೀವಶಾಸ್ತ್ರವನ್ನು ಪಿಯುಸಿಯಲ್ಲೇ ಬಿಟ್ಟೆ. ಈ ಕ್ಷೇತ್ರಕ್ಕೆ ಬರಬಹುದೇ?
— ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಧಾರಾಳವಾಗಿ ಬರಬಹುದು. ನೀವು ಕಂಟ್ರೋಲ್ ಇಂಜಿನಿಯರಿಂಗ್ ಪುಸ್ತಕದಲ್ಲಿ ಓದಿದ ಫೀಡ್‌ಬ್ಯಾಕ್, ವಿಳಂಬ, ಸ್ಥಿರತೆಗಳೇ ಇಲ್ಲಿಯ ದಿನನಿತ್ಯದ ಮಾತು. ಸ್ನಾಯುವಿಗೆ ಕೊಡುವ ಆಜ್ಞೆ ದೊಡ್ಡದಾದಷ್ಟೂ ಅದರೊಳಗಿನ ಗದ್ದಲವೂ ಹೆಚ್ಚುತ್ತದೆ ಎಂಬ ಒಂದೇ ಊಹೆಯಿಂದ ಹ್ಯಾರಿಸ್ ಮತ್ತು ವೋಲ್ಪರ್ಟ್ 1998ರಲ್ಲಿ ಕೈ, ಕಣ್ಣುಗಳ ನಯವಾದ ಚಲನೆಯನ್ನು ಗಣಿತದಿಂದ ವಿವರಿಸಿದ್ದು ನಿಮಗೆ ಜೀವಶಾಸ್ತ್ರದವರಿಗಿಂತ ಬೇಗ ಅರ್ಥವಾಗುತ್ತದೆ. ನೀವು ಹೊಸದಾಗಿ ಕಲಿಯಬೇಕಾದದ್ದು ನರರಚನೆಯ ಮೂಲಪಾಠ, ಸಂಖ್ಯಾಶಾಸ್ತ್ರ ಮತ್ತು ಪೈಥಾನ್ ಅಥವಾ ಮ್ಯಾಟ್‌ಲ್ಯಾಬ್. ಇವುಗಳಲ್ಲಿ ಸಂಖ್ಯಾಶಾಸ್ತ್ರವನ್ನು ಹಗುರವಾಗಿ ತೆಗೆದುಕೊಂಡವರು ಮುಂದೆ ಪಶ್ಚಾತ್ತಾಪ ಪಡುವುದನ್ನು ನೋಡಿದ್ದೇನೆ, ಅವರಲ್ಲಿ ನಾನೂ ಒಬ್ಬ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ, ಐಐಟಿ ಗಾಂಧಿನಗರ, ಐಐಟಿ ಮದ್ರಾಸ್‌ಗಳಲ್ಲಿ ಚಲನೆಯ ನಿಯಂತ್ರಣದ ಮೇಲೆ ಕೆಲಸ ನಡೆಯುತ್ತಿದೆ. ನರವಿಜ್ಞಾನದ ವಿಶಾಲ ತರಬೇತಿಗೆ ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವೂ ಇದೆ, ರೋಗಿಗಳ ಜೊತೆ ಕೆಲಸ ಮಾಡುವ ಆಸೆಯಿದ್ದರೆ ನಿಮ್ಹಾನ್ಸ್ ಇದೆ. ದುಡ್ಡಿನ ಮಾತನ್ನೂ ಮುಚ್ಚಿಡುವುದಿಲ್ಲ: 2023ರ ಜನವರಿಯಿಂದ ಜಾರಿಗೆ ಬಂದ ಕೇಂದ್ರದ ದರದಂತೆ ಪಿಎಚ್.ಡಿ.ಯ ಕಿರಿಯ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಪಿಎಚ್.ಡಿ. ನಂತರದ ರಿಸರ್ಚ್ ಅಸೋಸಿಯೇಟ್ ಹುದ್ದೆಗೆ ಮೊದಲ ಹಂತದಲ್ಲಿ 58,000, ಮನೆ ಬಾಡಿಗೆ ಭತ್ಯೆ ಬೇರೆ. ನಿಮ್ಮ ಸಹಪಾಠಿ ಸಾಫ್ಟ್‌ವೇರ್ ಕಂಪನಿಗೆ ಸೇರಿ ಇದನ್ನು ಬೇಗನೆ ದಾಟಿ ಹೋಗಬಹುದು, ಅದಕ್ಕೆ ಮನೆಯವರನ್ನು ಈಗಲೇ ಸಿದ್ಧಗೊಳಿಸಿಕೊಳ್ಳಿ.

ಪಿಎಚ್.ಡಿ.ಗೆ ಮೊದಲು ಬೇಸಿಗೆಯಲ್ಲಿ ಎರಡು ತಿಂಗಳು ಯಾವುದಾದರೂ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನೋಡಿ. ಅರ್ಜಿಯಲ್ಲಿ ‘ಮೆದುಳಿನ ರಹಸ್ಯದಲ್ಲಿ ಆಸಕ್ತಿ’ ಎಂದು ಬರೆಯಬೇಡಿ, ಅಂಥ ಅರ್ಜಿಗಳು ನಮ್ಮಲ್ಲಿಗೆ ರಾಶಿ ಬರುತ್ತವೆ. ನಿಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಯಾವುದಾದರೂ ಫೌಂಡ್ರಿಗೆ ಒಂದು ಮಧ್ಯಾಹ್ನ ಹೋಗಿ, ಇಪ್ಪತ್ತು ವರ್ಷದಿಂದ ಅಚ್ಚು ಹಾಕುವವರೂ ಮೊನ್ನೆ ಸೇರಿದ ಹುಡುಗನೂ ಮರಳನ್ನು ತಟ್ಟುವುದನ್ನು ಫೋನಿನಲ್ಲಿ, ಅವರ ಒಪ್ಪಿಗೆ ಪಡೆದು, ನಿಧಾನಗತಿಯಲ್ಲಿ ಚಿತ್ರೀಕರಿಸಿ. ಮಣಿಕಟ್ಟಿನ ಹಾದಿಯನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಗುರುತು ಹಾಕಿ, ಇಬ್ಬರ ವ್ಯತ್ಯಾಸ ಎಲ್ಲಿದೆ ಎಂದು ಎರಡು ಪುಟ ಬರೆದು ಅರ್ಜಿಯ ಜೊತೆ ಕಳುಹಿಸಿ.